ಎಣಿಸಿದೊಡನೆ ಬರಿದಾಗುವ ಪಟ್ಟಿ

ಪಟ್ಟಿಯಲ್ಲಿರುವ ಹೆಸರುಗಳನ್ನು ಎಣಿಸಿದ ಮಾತ್ರಕ್ಕೆ ಆ ಹೆಸರುಗಳು ಅಳಿಸಿಹೋಗುವುದಿಲ್ಲ ಎಂಬುದು ಲೋಕದ ತಿಳಿವಳಿಕೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜನರೇಟರ್‌ಗಳಿಗೆ ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಮ್) ಬರೆಯಲು ಕೂರುವವರು ಈ ತಿಳಿವಳಿಕೆಯನ್ನು ಬಾಗಿಲಾಚೆಯೇ ಬಿಟ್ಟು ಬರುವುದು ಕ್ಷೇಮ.

ನಮ್ಮ ತಂಡದಲ್ಲಿ ಪೂರ್ತಿ ಪಟ್ಟಿಯನ್ನು ಹಿಂತಿರುಗಿಸುತ್ತಿದ್ದ ಫಂಕ್ಷನ್ ಒಂದನ್ನು, ಮೆಮೊರಿ ಉಳಿಯಲಿ ಎಂಬ ಸದುದ್ದೇಶದಿಂದ, ಕೇಳಿದಾಗ ಒಂದೊಂದೇ ಅಂಶವನ್ನು ಕೊಡುವ ಜನರೇಟರ್ ಆಗಿ ಬದಲಾಯಿಸಲಾಯಿತು. ಅದರ ಟೆಸ್ಟಿನ ಮೊದಲ ಸಾಲು ಅಂಶಗಳು ಮೂರಿವೆಯೇ ಎಂದು ಎಣಿಸಿ ನೋಡುತ್ತಿತ್ತು, ಎರಡನೆಯದು ಅವು ಸರಿಯಾದ ಅಂಶಗಳೇ ಎಂದು ಕೇಳುತ್ತಿತ್ತು. ಮೊದಲನೆಯದು ಪಾಸಾಯಿತು, ಎರಡನೆಯದು ಪಟ್ಟಿಯೇ ಖಾಲಿ ಎಂದು ದೂರಿತು. ಇದೇನೆಂದು ನೋಡಲು ಸಹೋದ್ಯೋಗಿಯೊಬ್ಬರು ಎಲ್ಲಕ್ಕಿಂತ ಮೇಲೆ ಒಂದು ಪ್ರಿಂಟ್ ಸಾಲು ಸೇರಿಸಿದರು, ಆಗ ಅದುವರೆಗೆ ಪಾಸಾಗುತ್ತಿದ್ದ ಸಾಲೂ ಕೆಂಪಾಯಿತು, ಅಂದರೆ ಫೇಲಾಯಿತು. ಪರದೆಯ ಮೇಲೆ ಮೂರೂ ಅಂಶಗಳು ಅಚ್ಚುಕಟ್ಟಾಗಿ ಮುದ್ರಿತವಾಗಿದ್ದವು, ಅವುಗಳ ಕೆಳಗೇ ಒಂದೂ ಇಲ್ಲ ಎಂಬ ವರದಿಯಿತ್ತು. ಜನರೇಟರ್ ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ. ಪ್ರಿಂಟ್ ಸಾಲು ಎಲ್ಲವನ್ನೂ ತಾನೇ ಮುಗಿಸಿಬಿಟ್ಟಿತ್ತು.

ಪೈಥಾನಿಗೆ ಇಟರೇಟರ್ (ಸಂಗ್ರಹದ ಅಂಶಗಳನ್ನು ಒಂದೊಂದಾಗಿ ಕೊಡುತ್ತ ಹೋಗುವ ವಸ್ತು) ನಿಯಮಗಳು ಬಂದದ್ದು 2001ರ 2.2 ಆವೃತ್ತಿಯಲ್ಲಿ, ಮತ್ತು ಅವು ಈ ವಿಷಯದಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಪಟ್ಟಿ ಕೇಳಿದಾಗಲೆಲ್ಲ ಹೊಸದೊಂದು ಇಟರೇಟರನ್ನು ಕೊಡುತ್ತದೆ, ಜನರೇಟರ್ ಮಾತ್ರ ಪ್ರತಿ ಸಲವೂ ತನ್ನನ್ನೇ ಕೊಡುತ್ತದೆ. ಆದ್ದರಿಂದ ಸಂಗ್ರಹವೊಂದನ್ನು ಬೆನ್ನುಬೆನ್ನಿಗೆ ಎರಡು ಸಲ ಮೊದಲಿನಿಂದ ಕೊನೆಯವರೆಗೆ ಸುತ್ತಿ, ಎರಡೂ ಸಲ ಸಿಕ್ಕಿದ್ದು ಒಂದೇ ಆಗಿದೆಯೇ ಎಂದು ಹೋಲಿಸುವ ಟೆಸ್ಟ್ ಅತ್ಯಂತ ಅಗ್ಗದ ವಿಮೆ ಎಂದು ನನ್ನ ಅಭಿಪ್ರಾಯ.

ಫೇಲಾಗುವ ಟೆಸ್ಟಾದರೂ ತೊಂದರೆಯನ್ನು ಬಾಯಿಬಿಟ್ಟು ಹೇಳುತ್ತದೆ. ಎಂದೂ ಫೇಲಾಗದ ಟೆಸ್ಟುಗಳು ಮಾತ್ರ ನನ್ನಲ್ಲಿ ದಿಗಿಲು ಹುಟ್ಟಿಸುತ್ತವೆ. ಫಲಿತಾಂಶದ ಪ್ರತಿಯೊಂದು ಅಂಶದ ಬೆಲೆಯೂ ಸೊನ್ನೆಗಿಂತ ಹೆಚ್ಚಿರಬೇಕು ಎಂದು ಲೂಪಿನೊಳಗೆ (ಪ್ರತಿ ಅಂಶಕ್ಕೂ ಮತ್ತೆ ಮತ್ತೆ ಓಡುವ ಸಾಲುಗಳಲ್ಲಿ) ಪರೀಕ್ಷಿಸುವ ಒಂದು ಟೆಸ್ಟ್ ನಮ್ಮಲ್ಲಿ ಬಹುಕಾಲದಿಂದ ನಿಷ್ಕಳಂಕವಾಗಿ ಬಾಳಿತ್ತು. ಕುತೂಹಲಕ್ಕೆಂದು ನಾನು ಷರತ್ತನ್ನು ತಲೆಕೆಳಗು ಮಾಡಿ, ಬೆಲೆ ಸೊನ್ನೆಗಿಂತ ಕಡಿಮೆಯಿರಬೇಕು ಎಂದು ಬದಲಾಯಿಸಿ ಓಡಿಸಿದರೆ, ಅದು ಆಗಲೂ ಹಸಿರು ತೋರಿಸಿ ಸುಮ್ಮನಾಯಿತು. ಮಾದರಿ ದತ್ತಾಂಶದ ಕಡತ ಯಾವಾಗಲೋ ಖಾಲಿಯಾಗಿತ್ತು, ಲೂಪಿನ ಒಳಗಿನ ಸಾಲು ಅಂದಿನಿಂದ ಒಮ್ಮೆಯೂ ಓಡಿರಲಿಲ್ಲ. ತರ್ಕಶಾಸ್ತ್ರ ಇದಕ್ಕೆ ಆಕ್ಷೇಪವೆತ್ತುವುದಿಲ್ಲ. ಬರಿದಾದ ಕೋಣೆಯಲ್ಲಿರುವ ಆನೆಗಳೆಲ್ಲವೂ ನೀಲಿ ಎಂದರೆ ಅದು ಸುಳ್ಳಲ್ಲ ಎನ್ನುವ ಶಾಸ್ತ್ರವದು. ಎಲ್ಲ ಅಂಶಗಳೂ ನಿಜವೇ ಎಂದು ನೋಡುವ ಪೈಥಾನಿನ ‘ಆಲ್’ ಫಂಕ್ಷನ್ನಿಗೆ ಖಾಲಿ ಪಟ್ಟಿ ಕೊಟ್ಟರೂ ಇದೇ ಕಾರಣಕ್ಕೆ ನಿಜ ಎಂಬ ಉತ್ತರವೇ ಬರುತ್ತದೆ. ಹೀಗಾಗಿ ಲೂಪಿಗೆ ಮೊದಲು, ಒಳಗೆ ಏನಾದರೂ ಇದೆಯೇ ಎಂದು ಕೇಳುವ ಒಂದು ಸಾಲು ಬೇಕೇ ಬೇಕು. ಆ ಪ್ರಶ್ನೆಯನ್ನು ಜನರೇಟರಿಗೆ ಅಸರ್ಟ್ (ಷರತ್ತು ನಿಜವಲ್ಲದಿದ್ದರೆ ಟೆಸ್ಟನ್ನು ಫೇಲು ಮಾಡುವ ಆಜ್ಞೆ) ಮೂಲಕ ನೇರವಾಗಿ ಕೇಳಿ ಪ್ರಯೋಜನವಿಲ್ಲ, ಒಳಗೆ ಏನೂ ಇಲ್ಲದಿದ್ದರೂ ಅದು ನಿಜವೆಂದೇ ಗಣನೆಯಾಗುತ್ತದೆ.

ಜಾವಾ ಎಂಬ ಇನ್ನೊಂದು ಭಾಷೆಯವರು ಇದನ್ನೆಲ್ಲ ಕೇಳಿ ನಗಬಹುದು. ಅವರ ಮನೆಯ ಸಂಗತಿ ಇನ್ನೂ ಸೊಗಸಾಗಿದೆ. 2004ರಲ್ಲಿ ಬಂದ ಜಾವಾ 5 ಆವೃತ್ತಿಯ ಚಿಕ್ಕ ಫಾರ್ ಲೂಪಿನಲ್ಲಿ ಅರೇಲಿಸ್ಟ್ ಎಂಬ ಪಟ್ಟಿಯನ್ನು ಸುತ್ತುತ್ತಿರುವಾಗಲೇ ಅದರಿಂದ ಏನನ್ನಾದರೂ ತೆಗೆದುಹಾಕಿದರೆ, ಒಂದೇ ಥ್ರೆಡ್ (ಕೋಡ್ ಓಡುವ ಎಳೆ) ಇದ್ದಾಗಲೂ, ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ (ಏಕಕಾಲದ ಬದಲಾವಣೆಯ ದೋಷ) ಎಂಬ ಭಾರಿ ಹೆಸರಿನ ದೋಷ ಎದುರಾಗುತ್ತದೆ ಎಂದು ಎಲ್ಲರೂ ಕಲಿತಿರುತ್ತಾರೆ. ಆದರೆ ರದ್ದಾದ ಆರ್ಡರನ್ನು ಹೀಗೆಯೇ ತೆಗೆಯುವ ಕೋಡಿಗೆ ನಮ್ಮಲ್ಲಿದ್ದ ಟೆಸ್ಟ್ ಸಲೀಸಾಗಿ ಪಾಸಾಗುತ್ತಿತ್ತು. ಆ ಟೆಸ್ಟಿನ ಪಟ್ಟಿಯಲ್ಲಿದ್ದದ್ದು ಎರಡೇ ಆರ್ಡರ್, ರದ್ದಾದದ್ದು ಮೊದಲನೆಯದು. ಅದನ್ನು ತೆಗೆದೊಡನೆ ಪಟ್ಟಿಯ ಗಾತ್ರ ಒಂದಾಯಿತು, ಇಟರೇಟರ್ ದಾಟಿದ ಅಂಶಗಳೂ ಒಂದು. ಎರಡೂ ಸಮವಾದದ್ದನ್ನು ಕಂಡ ಲೂಪ್ ತನ್ನ ಕೆಲಸ ಮುಗಿಯಿತೆಂದು ಎದ್ದುಹೋಯಿತು. ಎರಡನೆಯ ಆರ್ಡರಿನತ್ತ ಅದು ತಿರುಗಿಯೂ ನೋಡಲಿಲ್ಲ, ದೋಷವನ್ನು ಎಸೆಯುವ ತಪಾಸಣೆಯ ಸರದಿ ಬರಲೇ ಇಲ್ಲ. ಯಾವ ಅಳತೆಯ ಪಟ್ಟಿಯಾದರೂ ಸರಿ, ಕೊನೆಯದಕ್ಕೆ ಹಿಂದಿನ ಅಂಶವನ್ನು ತೆಗೆದಾಗ ಹೀಗೆಯೇ ಆಗುತ್ತದೆ. ಮೂರನೆಯ ಆರ್ಡರ್ ಸೇರಿಸಿದೊಡನೆ ಟೆಸ್ಟ್ ಸಿಡಿಯಿತು, ಕೋಡನ್ನು ಷರತ್ತಿಗೆ ಹೊಂದುವ ಅಂಶಗಳನ್ನು ಪಟ್ಟಿಯೇ ತೆಗೆಯುವ ರಿಮೂವ್‌ಇಫ್ ಬಳಸಿ ತಿದ್ದಲಾಯಿತು. ಅಂದಿನಿಂದ ಎರಡೇ ಅಂಶಗಳ ಮಾದರಿ ಕಂಡರೆ ನಮ್ಮ ರಿವ್ಯೂ ಮಾಡುವವರು ಕಾರಣ ಹೇಳದೆ ಇನ್ನೊಂದನ್ನು ಸೇರಿಸಿ ಎಂದು ಬರೆಯುತ್ತಾರೆ.

ಕ್ರಮದ ಮಾತು ಬಂದರೆ, ಕ್ರಮದ ಭರವಸೆಯಿಲ್ಲದ ಸಂಗ್ರಹವಾದ ಸೆಟ್ಟಿನೊಳಗಿನ ಪದಗಳು ಇದೇ ಸರದಿಯಲ್ಲಿ ಬರಬೇಕೆಂದು ಹಟ ಹಿಡಿಯುವ ಟೆಸ್ಟ್ ಬೆಳಗ್ಗೆ ಪಾಸಾಗಿ ಸಂಜೆ ಫೇಲಾಗುತ್ತದೆ. ಪೈಥಾನ್ 3.3ರಿಂದೀಚೆಗೆ ಪದಗಳ ಹ್ಯಾಶ್ (ಸೆಟ್ಟಿನಲ್ಲಿ ಪದದ ಜಾಗವನ್ನು ನಿರ್ಧರಿಸುವ ಸಂಖ್ಯೆ) ಪ್ರತಿ ಓಟದಲ್ಲೂ ಬದಲಾಗುತ್ತದೆ. ಗೋ ಭಾಷೆಯಂತೂ ಮ್ಯಾಪನ್ನು (ಕೀಲಿ ಮತ್ತು ಬೆಲೆಯ ಜೋಡಿಗಳ ಸಂಗ್ರಹವನ್ನು) ಸುತ್ತುವ ಕ್ರಮವನ್ನು ಬೇಕೆಂದೇ ಕಲಕುತ್ತದೆ. ವಿಂಗಡಿಸಿ ಹೋಲಿಸಿದರೆ ಮುಗಿಯುವ ಕೆಲಸಕ್ಕೆ ಜನ ಮತ್ತೆ ಓಡಿಸುವ ಬಟನ್ನನ್ನೇ ನಂಬಿ ಕೂರುತ್ತಾರೆ.

ಇನ್ನು ಕೊನೆಯೇ ಇಲ್ಲದ ಇಟರೇಟರ್‌ಗಳೂ ಇವೆ. ಒಂದರಿಂದ ಎಣಿಸುತ್ತ ಹೋಗಿ ಎಲ್ಲೂ ನಿಲ್ಲದ ಕ್ರಮಸಂಖ್ಯೆಯ ಜನರೇಟರನ್ನು ನಮ್ಮ ಟೆಸ್ಟೊಂದು ಹೋಲಿಕೆಗೆಂದು ಪಟ್ಟಿಯಾಗಿ ಪರಿವರ್ತಿಸಲು ಹೊರಟಿತು. ಅದು ಪಾಸೂ ಆಗಲಿಲ್ಲ, ಫೇಲೂ ಆಗಲಿಲ್ಲ. ಮೆಮೊರಿಯನ್ನೆಲ್ಲ ನುಂಗಿದ ಮೇಲೆ ಆಪರೇಟಿಂಗ್ ಸಿಸ್ಟಮ್ಮೇ ಅದನ್ನು ಕೊಂದುಹಾಕಿತು. ಬೇಕಾದಷ್ಟನ್ನೇ ಕತ್ತರಿಸಿ ಕೊಡುವ ಐಸ್ಲೈಸ್ ಬಳಸಿ ಮೊದಲ ಹತ್ತನ್ನಷ್ಟೇ ಕೇಳುವಂತೆ ಮಾಡಿದ ಮೇಲೆ ಆ ಟೆಸ್ಟ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿದೆಯಾದರೂ, ಅದನ್ನು ಓಡಿಸುವ ಮುನ್ನ ತೆರೆದಿಟ್ಟ ಕಡತಗಳನ್ನೆಲ್ಲ ಸೇವ್ ಮಾಡಿಕೊಳ್ಳುವ ಅಭ್ಯಾಸವನ್ನು ತಂಡದಲ್ಲಿ ಯಾರೂ ಇನ್ನೂ ಬಿಟ್ಟಿಲ್ಲ.