"ಆಡುದ್ರೆ ಆಡ್ತದೆ ಬುಡು" ಅನ್ನೋರಿಗೆ

ಇವತ್ತು ಮಂಡ್ಯದಲ್ಲಿ ನೆಂಟರ ಮನೆ ಊಟಕ್ಕೆ ಹೋಗಿದ್ದೆ. ಊಟಕ್ಕೇನೂ ಹೆಸರಿಡೋ ಹಾಗಿರಲಿಲ್ಲ, ಹೊಟ್ಟೆ ಉರಿದದ್ದು ಆಮೇಲೆ. ಆ ಮನೆ ಹುಡುಗ ಅಟ್ಟದಿಂದ ಟ್ರಂಕ್ ಇಳಿಸಿ, ಅವರಪ್ಪ ಅಮ್ಮನ ಮದುವೆ ವಿಡಿಯೋ ಕ್ಯಾಸೆಟ್ ತೆಗೆದು, ಯಾರ ಮನೆಯಿಂದಲೋ ತಂದ ವಿಸಿಪಿಗೆ (ಕ್ಯಾಸೆಟ್ ಆಡಿಸೋ ಮಷೀನಿಗೆ) ತುರುಕೋಕೆ ಹೊರಟಿದ್ದ. "ತಾಳಲಾ, ಒಂದ್ಸಲ ನೋಡ್ತೀನಿ ಕೊಡು" ಅಂದೆ. "ನೋಡಕ್ಕೇ ಅಲ್ವ ಮಾವ ಹಾಕ್ತಿರೋದು? ಆಡುದ್ರೆ ಆಡ್ತದೆ, ಇಲ್ದಿದ್ರೆ ಇಲ್ಲ ಬುಡು!"

ಕಿತ್ಕೊಂಡು ಕಿಟಕಿ ಹತ್ರ ಹಿಡಿದೆ. ರೀಲಿನ ಅಂಚಿನ ಮೇಲೆ ಬೆಳ್ಳಗೆ ಬೂಷ್ಟು, ಜೇಡರ ಬಲೆ ಥರ ಎಳೆಎಳೆ. ಅದನ್ನ ಹಾಕ್ತಿದ್ದನಂತೆ.

ಮದುವೆ ವಿಡಿಯೋ ತೆಗೆಯೋದು ನನ್ನ ಹಳೇ ಕಸುಬು, ನಿಮಗೆಲ್ಲ ಗೊತ್ತು. ಗುಲಾಬಿ ಹೂವಿನೊಳಗೆ ಮದುಮಗಳ ಮುಖ ತಿರುಗಿಸಿದ ಪಾಪಿಗಳಲ್ಲಿ ನಾನೂ ಒಬ್ಬ. ಆ ಸಲಿಗೆಯಿಂದಲೇ ಹೇಳ್ತೀನಿ: ಕ್ಯಾಸೆಟ್ ಚೆನ್ನಾಗಿದೆಯಾ ಅಂತ ತಿಳ್ಕೊಳೋಕೆ ಅದನ್ನ ಆಡಿಸಬೇಡಿ. ಆಡಿಸೋದು ಕೊನೇ ಕೆಲಸ.

ವಿಸಿಪಿಯೊಳಗೆ ಏನಾಗುತ್ತೆ ಅಂತ ಯಾರಾದ್ರೂ ಯೋಚಿಸಿದ್ದೀರಾ? ಆ ಟೇಪು ಅರ್ಧ ಇಂಚು ಅಗಲ, ದಪ್ಪ ಹೆಚ್ಚುಕಮ್ಮಿ 20 ಮೈಕ್ರಾನ್, ಅಂದ್ರೆ ತಲೆಗೂದಲಿಗಿಂತ ತೆಳು. ಮಷೀನು ಅದನ್ನ ಕ್ಯಾಸೆಟ್ಟಿಂದ ಹೊರಗೆಳೆದು, ನಿಮಿಷಕ್ಕೆ 1500 ಸುತ್ತು ತಿರುಗೋ ಹೆಡ್ ಡ್ರಮ್ಮಿಗೆ (ಟೇಪಿನಿಂದ ಚಿತ್ರ ಓದೋ ಉರುಳೆಗೆ) ಸುತ್ತಿ, ಉಜ್ಜಿಸಿಕೊಂಡು ಓಡಿಸುತ್ತೆ. ಬೂಷ್ಟು ಹಿಡಿದ ಟೇಪು ಪದರಕ್ಕೆ ಪದರ ಅಂಟಿಕೊಂಡಿದ್ರೆ ಅಲ್ಲೇ ಹರಿಯುತ್ತೆ. ಹರಿಯದಿದ್ರೆ ಬೂಷ್ಟೆಲ್ಲ ಹೆಡ್ಡಿಗೆ ಮೆತ್ಕೊಂಡು, ಆಮೇಲೆ ಹಾಕೋ ಒಳ್ಳೇ ಕ್ಯಾಸೆಟ್ಟಿಗೂ ಹತ್ತುತ್ತೆ.

ನೋಡೋಕೆ ಎಷ್ಟು ಹೊತ್ತು ಬೇಕು ಮಹರಾಯರೇ? ಟಾರ್ಚ್ ಹಾಕಿ ಕ್ಯಾಸೆಟ್ಟಿನ ಕಿಟಕಿಯೊಳಗೆ ಇಣುಕಿ. ಸುತ್ತಿದ ಟೇಪಿನ ಮೈ ಒಂದೇ ಸಮ, ನುಣ್ಣಗೆ, ಕಪ್ಪಗಿರಬೇಕು. ಬಿಳಿ ಚುಕ್ಕೆ, ಪುಡಿ, ಎಳೆ ಕಂಡ್ರೆ ಅಲ್ಲಿಗೆ ನಿಲ್ಲಿಸಿ. (ಬಿಳಿ ಪುಡಿಯೆಲ್ಲ ಬೂಷ್ಟೇ ಆಗಿರಲ್ಲ. ಟೇಪಿಗೆ ಸವರಿದ ಜಾರುಪದಾರ್ಥವೂ ಕೆಲವು ಸಲ ಹಾಗೆ ಹೊರಗೆ ಬರುತ್ತೆ. ಆದ್ರೂ ಹಾಕಬೇಡಿ.) ಒಂದೆರಡು ಸುತ್ತು ಮಾತ್ರ ಎದ್ದು ನಿಂತಿದ್ದರೆ, ಸುತ್ತಿನ ನಡುವೆ ಸಂದು ಬಿಟ್ಟಿದ್ದರೆ, ಅಲೆಅಲೆಯಾಗಿ ಸುಕ್ಕಾಗಿದ್ದರೆ, ಓಡುವಾಗ ಆ ಅಂಚು ಮಡಚುತ್ತೆ. ಪಕ್ಕದ ಪುಟ್ಟ ಗುಂಡಿ ಒತ್ತಿ ಹಿಡಿದು ಮುಂದಿನ ಮುಚ್ಚಳ ಎತ್ತಿ, ಅಲ್ಲಿ ಒಂದು ತುಂಡು ಟೇಪು ಕಾಣುತ್ತೆ. ಕೈ ಮುಟ್ಟಿಸದೆ ಮಡಿಕೆ, ಗೀರು ಇದೆಯಾ ನೋಡಿ. ಮೆಲ್ಲಗೆ ಅಲ್ಲಾಡಿಸಿ, ಒಳಗೆ ಏನೋ ಲಟಲಟ ಅಂದ್ರೆ ಪ್ಲಾಸ್ಟಿಕ್ಕೋ ಸ್ಪ್ರಿಂಗೋ ಮುರಿದು ಬಿದ್ದಿದೆ.

ಮೂಗಿಗೂ ಕೆಲಸ ಇದೆ, ಆದ್ರೆ ಬೂಷ್ಟು ಕಾಣ್ತಿರೋ ಕ್ಯಾಸೆಟ್ಟನ್ನ ಮಾತ್ರ ಮೂಗಿಗೆ ಹಿಡೀಬೇಡಿ, ಬಾಯಲ್ಲಿ ಊದಲೂಬೇಡಿ, ಎದೆಗೆ ಒಳ್ಳೇದಲ್ಲ. ಕಾಣದಿದ್ದಾಗ ಮುಗ್ಗಲು ವಾಸನೆ ಬಂದ್ರೆ ಒಳಗೆಲ್ಲೋ ತೇವ ಕೂತಿದೆ. ಮೇಣದ ಬಳಪದಂಥ ವಾಸನೆ ಬಂದ್ರೆ ಅನುಮಾನ ಪಡಿ. ಪಾಲಿಯೆಸ್ಟರ್ ಹಾಳೆಗೆ ಕಾಂತೀಯ ಪುಡಿಯನ್ನ ಹಿಡಿದಿಟ್ಟಿರೋ ಅಂಟು ವರ್ಷಾನುಗಟ್ಟಲೆ ತೇವ ಕುಡಿದು ಸಡಿಲವಾಗಿರಬಹುದು. ಅಂಥದ್ದನ್ನ ಆಡಿಸಿದ್ರೆ ಕೀರಲು ಸದ್ದು ಬರುತ್ತೆ, ಕಂದು ಪುಡಿ ಉದುರುತ್ತೆ. ಆ ಪುಡಿಯೇ ಚಿತ್ರ, ಅದೇ ಧ್ವನಿ. ಉದುರಿದ್ದು ಉದುರಿದಂಗೆ. ವಿನೆಗರ್ ವಾಸನೆ ಕಥೆ ಹೇಳೋರೂ ಇದ್ದಾರೆ, ಅದು ಹಳೇ ಅಸಿಟೇಟ್ ಸಿನಿಮಾ ರೀಲಿನ ಕಾಯಿಲೆ, ಈ ಮದುವೆ ಕ್ಯಾಸೆಟ್ಟುಗಳ ಮಾದರಿಯಾದ ನಮ್ಮ ವಿಎಚ್‌ಎಸ್ಸಿನದ್ದಲ್ಲ.

ಸುತ್ತ ಗದ್ದೆ, ನಾಲೆ ಇರೋ ಸೀಮೆ ನಮ್ದು. ಮಳೆಗಾಲದಲ್ಲಿ ಬೀರುವಿನ ರೇಷ್ಮೆ ಸೀರೆಗೇ ಬೂಷ್ಟು ಬರುತ್ತೆ, ಅಟ್ಟದ ಕ್ಯಾಸೆಟ್ಟು ಯಾವ ಲೆಕ್ಕ? ಹಾಗಂತ ಒಬ್ಬ ಪುಣ್ಯಾತ್ಗಿತ್ತಿ ಎಲ್ಲವನ್ನೂ ಹಪ್ಪಳದ ಥರ ತಾರಸಿ ಮೇಲೆ ಬಿಸಿಲಿಗೆ ಹರಡಿದ್ದರು. ಬೂಷ್ಟು ಹೋಗಲಿಲ್ಲ, ಡಬ್ಬಿ ಸೊಟ್ಟಗಾಯ್ತು.

"ಏನ್ ಮಹಾ, ಹೆಡ್ ಕ್ಲೀನ್ ಮಾಡಿದ್ರಾಯ್ತು, ನೀವು ಸುಮ್ನೆ ಹೆದರಿಸ್ತೀರಿ" ಅಂತ ಮೈಸೂರಿನ ಗೆಳೆಯರೊಬ್ಬರ ವಾದ. ಸರಿ ಸ್ವಾಮಿ. ಹೆಡ್ ಕ್ಲೀನ್ ಮಾಡಬಹುದು. ಹರಿದ ಟೇಪಿನ ಮೇಲಿದ್ದ ಧಾರೆ ಮುಹೂರ್ತಾನ ಯಾವ ಲಿಕ್ವಿಡ್ ಹಾಕಿ ಒರೆಸಿ ವಾಪಸ್ ತರ್ತೀರಿ? ಹೊಸ ಮಷೀನೂ ಸಿಗಲ್ಲ. ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲೇ ವಿಸಿಆರ್ (ಆಡಿಸೋದರ ಜೊತೆ ರೆಕಾರ್ಡೂ ಮಾಡೋ ಮಷೀನು) ಮಾಡೋದು ನಿಲ್ಲಿಸಿತು.

ಒಂದು ನಿಜ ಹೇಳ್ತೀನಿ. ನಾನೇ ತೆಗೆದ ಆ ಮದುವೆ ವಿಡಿಯೋಗಳನ್ನ ನನಗೆ ಹತ್ತು ನಿಮಿಷ ನೋಡೋಕಾಗಲ್ಲ. ಮುಯ್ಯಿ ಕೊಡೋ ಸಾಲು ಮುಗಿಯೋದೇ ಇಲ್ಲ. ಆದ್ರೆ ಆಲ್ಬಂನಲ್ಲಿ ಇಲ್ಲದ್ದು ಅಲ್ಲಿದೆ. ಚಪ್ಪರದ ಮೂಲೇಲಿ ಸೋಬಾನೆ ಹೇಳ್ತಿದ್ದ ಅಜ್ಜಿಯರನ್ನ ಯಾವ ಫೋಟೋಗ್ರಾಫರೂ ಸಾಲಾಗಿ ನಿಲ್ಲಿಸಿ ಫೋಟೋ ಹೊಡೀಲಿಲ್ಲ. ನನ್ನ ಕ್ಯಾಮೆರಾದ ಮೈಕಿಗೆ ಮಾತ್ರ ಅವರ ಪದ ಸಿಕ್ಕಿಬಿದ್ದಿತ್ತು. ಆ ಅಜ್ಜಿಯರು ಈಗಿಲ್ಲ. ಹುಡುಗ "ಆಡುದ್ರೆ ಆಡ್ತದೆ" ಅಂದಾಗ ಕೆರಳಿದ್ದು ಅದಕ್ಕೇ, ಕ್ಯಾಸೆಟ್ಟಿನ ಬೆಲೆಗಲ್ಲ.

ನೋಡಿದ್ದಾಯ್ತು, ಎಲ್ಲ ಸರಿ ಇದೆ ಅನ್ನಿ. ಆಗಲೂ ದುಡುಕಬೇಡಿ. ವರ್ಷಗಟ್ಟಲೆ ಮಲಗಿದ್ದ ವಿಸಿಪಿಗೆ ಮೊದಲು ಯಾವುದಾದ್ರೂ ಬೇಡದ ಕ್ಯಾಸೆಟ್ ಹಾಕಿ, ಅಗಿಯುತ್ತಾ ಇಲ್ಲವಾ ನೋಡಿ. ನಿಮ್ಮದು ವಿಸಿಪಿ ಅಲ್ಲ, ವಿಸಿಆರ್ ಆದ್ರೆ ಕ್ಯಾಸೆಟ್ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಎಲೆಯನ್ನ ಮುರಿದುಬಿಡಿ, ಅಪ್ಪಿತಪ್ಪಿ ರೆಕಾರ್ಡಿನ ಕೆಂಪು ಗುಂಡಿ ಒತ್ತಿದ್ರೂ ಬಚಾವ್. ಮೊದಲ ಸಲ ಆಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎರಡನೇ ಸಲ ಆಡುತ್ತೆ ಅನ್ನೋ ಗ್ಯಾರಂಟಿ ನಾನು ಕೊಡಲ್ಲ. ಬೂಷ್ಟು ಹಿಡಿದದ್ದನ್ನ ಬೇರೆ ಕವರಿನಲ್ಲಿ ಕಟ್ಟಿಟ್ಟು, ಟೇಪ್ ಕ್ಲೀನ್ ಮಾಡೋದು ಬಲ್ಲವರಿಗೇ ಕೊಡಿ. ಕೊಡೋ ಮುಂಚೆ "ಮೊದಲು ಏನು ಮಾಡ್ತೀರಿ?" ಅಂತ ಕೇಳಿ. "ಹಾಕಿ ನೋಡ್ತೀವಿ ಸಾರ್" ಅಂದ್ರೆ ಕ್ಯಾಸೆಟ್ ಎತ್ಕೊಂಡು ಬನ್ನಿ.

ಮಂಡ್ಯದ ಆ ಕ್ಯಾಸೆಟ್ ಈಗ ನನ್ನ ಬ್ಯಾಗಲ್ಲಿದೆ. ಹುಡುಗ ಮುನಿಸಿಕೊಂಡಿದ್ದಾನೆ, ಇರಲಿ. ಮೈಸೂರು ಕಡೆ ಯಾರ ಮನೇಲಾದ್ರೂ ಕೆಟ್ಟು ಕೂತ ವಿಸಿಪಿ ಇದ್ರೆ ಗುಜರಿಗೆ ಹಾಕೋ ಮುಂಚೆ ನಂಗೊಂದು ಮಾತು ಹೇಳಿ. ಬೆಲ್ಟು, ರೋಲರ್ರು ಬೇಕಿದೆ. ರಿಮೋಟ್ ನೀವೇ ಇಟ್ಕೊಳ್ಳಿ.