ದೊಡ್ಡ ಹೆಸರು ಬೇಡ, ನಿಜವಾದ ಒಡೆಯನ ಹೆಸರು ಬೇಕು

ಗುರಿ ಸ್ಪರ್ಧೆಗೆಂದೇ ಮಾಡಿದ ಹಳೆಯ ಟಾರ್ಗೆಟ್ ರಿವಾಲ್ವರ್ ಮಾರುವವರಲ್ಲಿ ಒಂದು ಕೆಟ್ಟ ಚಾಳಿ ಇದೆ. ಸಿಕ್ಕ ಸಿಕ್ಕ ಬಂದೂಕಿಗೆಲ್ಲ ಯಾರಾದರೂ ಹೆಸರಾಂತ ಗುರಿಕಾರರ ಹೆಸರು ಅಂಟಿಸುತ್ತಾರೆ. ಇದು ಆನಿ ಓಕ್ಲಿಯದಂತೆ, ಅದು ವಾಲ್ಟರ್ ವಿನಾನ್ಸ್ ಇಂಗ್ಲೆಂಡಿನ ಬಿಸ್ಲಿಯಲ್ಲಿ ಹಾರಿಸಿದ್ದಂತೆ. ದಾಖಲೆ ಕೇಳಿದರೆ "ಮನೆಯವರು ಹೇಳಿದ್ದು" ಅನ್ನುವ ಉತ್ತರ. ವಿನಾನ್ಸ್ 1908ರ ಒಲಿಂಪಿಕ್ಸಿನಲ್ಲಿ ಗುರಿಗೆ ಚಿನ್ನ ಗೆದ್ದವರು, 1912ರಲ್ಲಿ ಶಿಲ್ಪಕಲೆಗೂ ಚಿನ್ನ ಪಡೆದವರು. ಅವರ ಚರಿತ್ರೆ ಬರೆಯಲು ಜನ ಇದ್ದಾರೆ. ಆದರೆ ಸುಳ್ಳು ಹೆಸರು ಅಂಟಿದ ರಿವಾಲ್ವರನ್ನು ನಿಜವಾಗಿ ಇಟ್ಟುಕೊಂಡಿದ್ದವನು ಅಲ್ಲಿಗೆ ಅಳಿಸಿಹೋದ. ನನ್ನ ಸಿಟ್ಟೆಲ್ಲ ಅದಕ್ಕೆ.

ನಾನು ಇಲ್ಲಿ ಅಮೆರಿಕದಲ್ಲಿ ಹುಡುಕಿ ಕೊಳ್ಳುವುದು ಸ್ಮಿತ್ ಅಂಡ್ ವೆಸನ್ ನ್ಯೂ ಮಾಡೆಲ್ ನಂಬರ್ 3 ಟಾರ್ಗೆಟ್. 1887ರಿಂದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾದದ್ದು, ಆರೂವರೆ ಇಂಚಿನ ನಳಿಗೆ. ಮೇಲಿನ ಕೊಂಡಿ ಎತ್ತಿ ನಳಿಗೆ ಬಗ್ಗಿಸಿದರೆ ಖಾಲಿ ತೋಟಾಗಳೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತವೆ. ಇದರ ತೋಟಾನೇ ಬೇರೆ ಥರ. ಗುಂಡು ಮೂತಿ ಹೊರಗೆ ಚಾಚುವುದಿಲ್ಲ, ಹಿತ್ತಾಳೆ ಕೇಸಿನೊಳಗೇ ಪೂರ್ತಿ ಕೂತಿರುತ್ತದೆ. ಕಾಗದದ ಮೇಲಿನ ಕರಿ ಬೊಟ್ಟಿಗೆ ಗುರಿ ಇಡುವುದಕ್ಕೆಂದೇ ಮಾಡಿದ ರಿವಾಲ್ವರ್ ಇದು.

ಅಮೆರಿಕದ ಕೇಂದ್ರ ಕಾನೂನು 1898ರವರೆಗೆ ತಯಾರಾದ ಬಂದೂಕುಗಳನ್ನು ಮಾಮೂಲಿ ಬಂದೂಕಿನಂತಲ್ಲ, ಆಂಟಿಕ್ (ಪುರಾತನ ವಸ್ತು) ಎಂದೇ ನೋಡುತ್ತದೆ, ಹಾಗಾಗಿ ಈ ಹವ್ಯಾಸ ಸಾಧ್ಯ. ನಮ್ಮ ಭಾರತದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಬಂದೂಕು.

ಒಡೆಯನ ಪತ್ತೆ ಶುರುವಾಗುವುದು ಹಿಡಿಯ ತಳದಲ್ಲಿರುವ ಸೀರಿಯಲ್ ನಂಬರಿನಿಂದ. ಅದನ್ನು ಶುಲ್ಕದ ಜೊತೆ ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ಕಳಿಸಿದರೆ, ಕಾರ್ಖಾನೆಯ ಹಳೇ ಲೆಕ್ಕದ ಪುಸ್ತಕ ನೋಡಿ ಯಾವತ್ತು ಯಾರಿಗೆ ರವಾನೆಯಾಯಿತು ಅಂತ ಪತ್ರ ಕೊಡುತ್ತಾರೆ. ಬಹಳ ಸಲ ಅದರಲ್ಲಿರುವುದು ಸಗಟು ವ್ಯಾಪಾರಿಯ ಹೆಸರು. ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ನನಗೆ ಕೆಲಸ ಶುರುವಾಗುವುದೇ ಇಲ್ಲಿಂದ. ಆ ಕಾಲದ ಪತ್ರಿಕೆಗಳು ಗುರಿ ಸ್ಪರ್ಧೆಗಳ ಅಂಕಗಳನ್ನು ಹೆಸರು ಸಮೇತ ಅಚ್ಚು ಹಾಕುತ್ತಿದ್ದವು. ಬಾಸ್ಟನ್ ಹತ್ತಿರದ ವಾಲ್ನಟ್ ಹಿಲ್ ರೇಂಜಿನ ಫಲಿತಾಂಶಗಳು ಹಾಗೇ ಸಿಗುತ್ತವೆ. ಹೆಸರು ಸಿಕ್ಕಿತೋ, ಊರಿನ ಹಳೇ ಡೈರೆಕ್ಟರಿಯಲ್ಲಿ ಕಸುಬು, ಜನಗಣತಿಯಲ್ಲಿ ಮನೆಮಂದಿ.

ನನ್ನ ಹತ್ತಿರ ಇರುವ ಒಂದರ ಹಿಡಿಯ ಹಿಂಬದಿಯಲ್ಲಿ ಎರಡು ಅಕ್ಷರ ಕೆತ್ತಿದೆ. ಹಾರಿಸುವ ಮುಂಚೆ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ ಕುದುರೆಯ (ಹ್ಯಾಮರ್) ತುದಿಯ ಗೀರುಗಳು ಬಲ ಅಂಚಿನಲ್ಲಿ ಮಾತ್ರ ನುಣುಪಾಗಿ ಸವೆದಿವೆ. ಬಲಗೈಯವರ ಹೆಬ್ಬೆರಳು ಎಡಗಡೆಯಿಂದ ಬರುತ್ತದೆ, ಅಂದರೆ ಇವನು ಎಡಚ. ಆ ಅಕ್ಷರಗಳಿಗೆ ಹೊಂದುವ ಹೆಸರು ಒಂದು ಕ್ಲಬ್ಬಿನ ಅಂಕಪಟ್ಟಿಯಲ್ಲಿ ಸಿಕ್ಕಿತು. ಡೈರೆಕ್ಟರಿ ನೋಡಿದರೆ ಔಷಧಿ ಅಂಗಡಿ ಇಟ್ಟಿದ್ದವನು. ಪಟ್ಟಿಯಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ, ನಡುವೆ ಎಲ್ಲೋ. ಇವನು ಸಿಕ್ಕ ದಿನ ನನಗಾದ ಖುಷಿ ಯಾವ ಚಾಂಪಿಯನ್ನಿನ ಬಂದೂಕು ಸಿಕ್ಕಿದ್ದರೂ ಆಗುತ್ತಿರಲಿಲ್ಲ.

ಅದಕ್ಕೇ ಹಳೇ ರಿವಾಲ್ವರಿಗೆ ಹೊಸ ನಿಕಲ್ ಹಾಕಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಪಾಲಿಶ್ ಚಕ್ರಕ್ಕೆ ಒಮ್ಮೆ ಕೊಟ್ಟರೆ ಆ ಸವೆತವೂ ಇಲ್ಲ, ಅಕ್ಷರವೂ ಇಲ್ಲ. ಹೊಳೆಯುವ ಬಂದೂಕಿಗೆ ಜಾಸ್ತಿ ದುಡ್ಡು ಕೊಡುವ ಹೊಸಬರದೂ ಇದರಲ್ಲಿ ಪಾಲಿದೆ.

ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳಲ್ಲಿ ಆ ಕೋವಿ ಯಾರ ಕೈಯಿಂದ ಯಾರಿಗೆ ಬಂತು ಅಂತ ಪತ್ತೇದಾರಿಕೆ ಮಾಡುವ ಅಗತ್ಯ ಇರುವುದಿಲ್ಲ, ಹಿರಿಯರನ್ನು ಕೇಳಿದರೆ ಆಯಿತು. ಇಲ್ಲಿ ಅಮೆರಿಕದಲ್ಲಿ ಅಜ್ಜ ತೀರಿಕೊಂಡರೆ ಮನೆ ಸಾಮಾನೆಲ್ಲ ಹರಾಜು. ರಿವಾಲ್ವರ್ ಒಬ್ಬರ ಪಾಲು, ಅದರ ಪೆಟ್ಟಿಗೆ ಇನ್ನೊಬ್ಬರ ಪಾಲು, ಕ್ಲಬ್ಬಿನ ಪದಕ ಮತ್ತೊಬ್ಬರ ಪಾಲು.

ಇಲ್ಲಿನ ಎಸ್ಟೇಟ್ ಸೇಲ್‌ಗಳಿಗೆ ಹೋಗುವ ಕನ್ನಡಿಗರಲ್ಲಿ ಒಂದು ವಿನಂತಿ. ಇಂಥದ್ದನ್ನು ಕೊಳ್ಳುವುದಾದರೆ ನಿಮ್ಮ ರಾಜ್ಯದ ಕಾನೂನು ಮೊದಲು ನೋಡಿಕೊಳ್ಳಿ. ದುಡ್ಡು ಕೊಡುವ ಮುಂಚೆ ಮನೆಯವರಿಂದ ಅಜ್ಜನ ಹೆಸರು, ಊರು, ಕಸುಬು ಬರೆಸಿಕೊಂಡು ತಾರೀಕು ಹಾಕಿಸಿ, ಸೀರಿಯಲ್ ನಂಬರನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಪದಕ, ಅಂಕಪಟ್ಟಿ ಇದ್ದರೆ ಫೋಟೊ ತೆಗೆದುಕೊಳ್ಳಿ. ಮುಂದೆ ನೀವು ಮಾರಿದರೆ ಆ ಹಾಳೆಯನ್ನೂ ಜೊತೆಗೇ ಕೊಡಿ.