ಕೆಲಸ ಮಾಡುವವರ ಪರ್ಮಿಟ್ ಅವರ ಕೈಯಲ್ಲೇ ಇರಲಿ

ನಾನು ಬ್ರಿಟನ್ನಿನಲ್ಲಿ ಕೆಲಸಕ್ಕಿದ್ದಾಗಿನ ಮಾತು. ಒಂದು ಸೋಮವಾರ ಬೆಳಿಗ್ಗೆ ನಮ್ಮ ಟೀಮಿನವರನ್ನೆಲ್ಲ ಮೀಟಿಂಗಿಗೆ ಕರೆದರು. ಹತ್ತೇ ನಿಮಿಷ. ನಮ್ಮ ವಿಭಾಗವನ್ನು ಮುಚ್ಚುತ್ತಿದ್ದಾರೆ ಅಂತ ಗೊತ್ತಾಯಿತು. ಹೊರಗೆ ಬಂದಾಗ ಅಲ್ಲಿನ ಸಹೋದ್ಯೋಗಿಗಳು ಪರಿಹಾರದ ಹಣ ಎಷ್ಟು ಸಿಗಬಹುದು ಅಂತ ಮಾತಾಡುತ್ತಿದ್ದರು. ನಾನು ಮತ್ತು ಇನ್ನೊಬ್ಬ ಗೆಳೆಯ ಮಾತ್ರ ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದು ದಿನ ಎಣಿಸುತ್ತಿದ್ದೆವು. ಅವರಿಗೆ ಹೋಗಿದ್ದು ಕೆಲಸ. ನಮಗೆ ಕೆಲಸದ ಜೊತೆ ಬಾಡಿಗೆ ಮನೆ, ಮಕ್ಕಳ ಶಾಲೆ, ಆ ದೇಶದಲ್ಲಿ ಇರುವ ಹಕ್ಕು ಎಲ್ಲವೂ.

ಹೊರದೇಶಕ್ಕೆ ಹೊರಡುವವರು ವೀಸಾ ಸಿಕ್ಕಿತಾ ಅಂತ ಕೇಳುತ್ತಾರೆ. ಆ ವೀಸಾ ಯಾರ ಕೈಯಲ್ಲಿದೆ ಅಂತ ಬಹಳ ಜನ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಕಂಪನಿ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಕೊಡಬೇಕು. ಹೆಸರು ದೊಡ್ಡದು, ಕೈಗೆ ಬರುವುದು ಬರೀ ಒಂದು ನಂಬರ್. ಅದು ಬಂದ 3 ತಿಂಗಳೊಳಗೆ ಅರ್ಜಿ ಹಾಕಬೇಕು. ನನಗೆ ಆ ಈಮೇಲ್ ಬಂದ ರಾತ್ರಿ ನಿದ್ದೆಯೇ ಬಂದಿರಲಿಲ್ಲ, ಅಷ್ಟು ಖುಷಿ. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಡಿಗ್ರಿ ಸರ್ಟಿಫಿಕೇಟಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿತ್ತು. ಅದನ್ನು ಸರಿಪಡಿಸಲು ಓಡಾಡಿದ್ದೇ ಓಡಾಡಿದ್ದು. ಆ ಗಡಿಬಿಡಿಯಲ್ಲಿ ಒಂದು ವಿಷಯ ತಲೆಗೇ ಹೋಗಲಿಲ್ಲ. ಆ ನಂಬರ್ ಇರುವುದು ಆ ಕಂಪನಿಗೆ, ಆ ಹುದ್ದೆಗೆ ಮಾತ್ರ. ಕೆಲಸ ಹೋದರೆ ಕಂಪನಿ ಸರ್ಕಾರಕ್ಕೆ ತಿಳಿಸುತ್ತದೆ, ಸರ್ಕಾರದಿಂದ ನಮಗೆ ಪತ್ರ ಬರುತ್ತದೆ. ಸಾಮಾನ್ಯವಾಗಿ ಅಲ್ಲಿಂದ 60 ದಿನ. ಅಷ್ಟರಲ್ಲಿ ಬೇರೆ ಸ್ಪಾನ್ಸರ್, ಅಂದರೆ ಹೀಗೆ ನಂಬರ್ ಕೊಡುವ ಇನ್ನೊಂದು ಕಂಪನಿ, ಹುಡುಕಿ ಅರ್ಜಿ ಹಾಕಬೇಕು, ಇಲ್ಲವೇ ಗಂಟು ಮೂಟೆ ಕಟ್ಟಬೇಕು.

60 ದಿನ ಅಂದರೆ ಎಷ್ಟು ಕಡಿಮೆ ಅಂತ ಕೆಲಸ ಹುಡುಕಿದವರಿಗೆ ಗೊತ್ತು. ಒಂದು ಕಂಪನಿಯಲ್ಲಿ ಮೂರು ಸುತ್ತು ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಕೊನೆಯಲ್ಲಿ ಆ ಮ್ಯಾನೇಜರ್, “ನಿಮಗೆ ಸ್ಪಾನ್ಸರ್‌ಶಿಪ್ ಬೇಕಾ?” ಅಂತ ಕೇಳಿದರು. ಹೌದು ಅಂದೆ. ಅವರು ಪೆನ್ನಿನ ಕ್ಯಾಪ್ ಹಾಕಿ ನೋಟ್‌ಬುಕ್ ಮುಚ್ಚಿದರು. ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಆ ಪೆನ್ನಿನ ‘ಟಿಕ್’ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನನಗೆ ಜಾಸ್ತಿ ಸಂಕಟ ಆಗುವುದು ಕೆಲಸ ಹೋದವರ ಬಗ್ಗೆ ಅಲ್ಲ, ಕೆಲಸದಲ್ಲೇ ಇದ್ದು ಬಾಯಿ ಮುಚ್ಚಿಕೊಂಡಿರುವವರ ಬಗ್ಗೆ. ಪರ್ಮಿಟ್ ಒಬ್ಬನೇ ಮಾಲೀಕನಿಗೆ ಗಂಟು ಹಾಕಿದ್ದರೆ ಆ ಮನುಷ್ಯ ಶನಿವಾರ ಬಾ ಅಂದರೂ ಬರುತ್ತಾನೆ, ಸಂಬಳ ತಡವಾದರೂ ಕೇಳುವುದಿಲ್ಲ. ಒಬ್ಬಾಕೆ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ ಮಾಡುತ್ತಿದ್ದರು. “ನನ್ನ ವೀಸಾ ಅವರ ಕೈಲಿದೆಯಲ್ಲ ಅಣ್ಣಾ” ಅಂತ ಪ್ರತಿ ಫೋನಿನಲ್ಲೂ ಹೇಳುತ್ತಿದ್ದರು. ಜ್ವರ ಬಂದಾಗಲೂ ರಜೆ ಕೇಳಲು ಹೆದರುತ್ತಿದ್ದರು. ಹೀಗೆ ಹೆದರಿ ದುಡಿಯುವವರಿದ್ದರೆ ಪಕ್ಕದಲ್ಲಿರುವ ಸ್ಥಳೀಯರ ಸಂಬಳವೂ ಏರುವುದಿಲ್ಲ. ಇದು ಬರೀ ಹೊರಗಿನವರ ಸಮಸ್ಯೆ ಅಲ್ಲ ಅಲ್ವಾ?

ಅಮೆರಿಕದಲ್ಲಿ ಓದಿದ ಉದ್ಯೋಗಿಗಳಿಗೆ ಕೊಡುವ ಎಚ್-1ಬಿ ಅನ್ನುವ ಕೆಲಸದ ವೀಸಾದ ಕಥೆಯೂ ಬೇರೆಯಲ್ಲ. ಕೆಲಸ ಹೋದರೆ ಅಲ್ಲೂ ಹೆಚ್ಚೆಂದರೆ 60 ದಿನ. ಒಂದು ವ್ಯತ್ಯಾಸವಿದೆ. ಅಲ್ಲಿ ಹೊಸ ಕಂಪನಿ ಅರ್ಜಿ ಸಲ್ಲಿಸಿದ ಮೇಲೆ ಕೆಲಸ ಶುರು ಮಾಡಬಹುದು. ಬ್ರಿಟನ್ನಿನಲ್ಲಿ ತೀರ್ಮಾನ ಬರುವವರೆಗೆ ಕಾಯಬೇಕು, ಕೈಯಲ್ಲಿ ಸಂಬಳವಿಲ್ಲದೆ.

ಇದೆಲ್ಲ ಬದಲಾಗದ ವಿಧಿ ಅಂತ ಹೇಳುವವರಿಗೆ ಬೇರೆ ದೇಶಗಳ ಕಡೆ ನೋಡಿ ಅನ್ನುತ್ತೇನೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಯಮ ಬದಲಿಸಿತು. ಸ್ಪಾನ್ಸರ್ ಬಿಟ್ಟ ಮೇಲೆ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಸಮಯ. ಆ ದಿನಗಳಲ್ಲಿ ಬೇರೆ ಕಡೆ ದುಡಿಯಲೂ ಬಹುದು. ಕೆನಡಾದಲ್ಲಿ 2019ರಿಂದ, ಮಾಲೀಕನ ಕಿರುಕುಳ ಅನುಭವಿಸುತ್ತಿರುವ ಕೆಲಸಗಾರರು ಓಪನ್ ವರ್ಕ್ ಪರ್ಮಿಟ್, ಅಂದರೆ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕದ ಪರ್ಮಿಟ್, ಕೇಳಬಹುದು. ಓದಿದ ಉದ್ಯೋಗಿಗಳಿಗೆ ಜರ್ಮನಿ ಕೊಡುವ ಬ್ಲೂ ಕಾರ್ಡ್ ಅನ್ನುವ ಪರ್ಮಿಟ್‌ನಲ್ಲಿ ಮೊದಲ 12 ತಿಂಗಳು ಕೆಲಸ ಬದಲಿಸಿದರೆ ಕಚೇರಿಗೆ ತಿಳಿಸಬೇಕು, ಆಮೇಲೆ ಅಷ್ಟು ಕಟ್ಟಿಲ್ಲ. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಕೆಲಸಗಾರರನ್ನು ಮಾಲೀಕನಿಗೇ ಕಟ್ಟಿಹಾಕುವ ಕಫಾಲಾ ಪದ್ಧತಿಗೆ ಕುಖ್ಯಾತವಾಗಿದ್ದ ಕತಾರ್ ಕೂಡ 2020ರಲ್ಲಿ, ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಪತ್ರ (ಎನ್‌ಓಸಿ) ಬೇಕು ಅನ್ನುವ ನಿಯಮ ತೆಗೆದುಹಾಕಿತು. ಕಾಗದದ ಮೇಲಿನ ಕಾನೂನು ಎಲ್ಲರ ಬದುಕಿಗೂ ತಲುಪಿದೆ ಅಂತ ನಾನು ಹೇಳುವುದಿಲ್ಲ. ಆದರೆ ಬದಲಾಯಿಸಲು ಆಗುತ್ತದೆ ಅನ್ನುವುದಂತೂ ನಿಜ.

ಇನ್ನೊಂದು ವಿಷಯ ಗೊತ್ತಾದಾಗ ನನಗೇ ಆಶ್ಚರ್ಯವಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1975ರ 143ನೇ ಒಪ್ಪಂದದ 8ನೇ ವಿಧಿ ನೋಡಿ. ಕಾನೂನಿನಂತೆ ಬಂದು ಕೆಲಸ ಮಾಡುತ್ತಿದ್ದವರ ಕೆಲಸ ಹೋಯಿತು ಅನ್ನುವ ಒಂದೇ ಕಾರಣಕ್ಕೆ ಅವರು ಅಕ್ರಮ ಆಗುವುದಿಲ್ಲ, ಅವರ ಪರ್ಮಿಟ್ ಅಷ್ಟಕ್ಕೇ ರದ್ದಾಗಬಾರದು ಅನ್ನುತ್ತದೆ ಅದು. ನಾನು ಹುಟ್ಟುವ ಮೊದಲೇ ಯಾರೋ ಕೂತು ಇದನ್ನು ಬರೆದಿಟ್ಟಿದ್ದಾರೆ! ಇದಕ್ಕೆ ಸಹಿ ಹಾಕಿದ ದೇಶಗಳು ಕಡಿಮೆ, ಅಷ್ಟೇ.

ಹೊರಡುವ ತಯಾರಿಯಲ್ಲಿರುವವರಿಗೆ ಒಂದೆರಡು ಮಾತು. ಸುಮ್ನೆ ಏಜೆಂಟ್ ಮಾತು ನಂಬಬೇಡಿ. ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿಯನ್ನು ಸರ್ಕಾರವೇ ಹೊರಗಿಟ್ಟಿದೆ, ಕಂಪನಿಯ ಹೆಸರು ಅದರಲ್ಲಿದೆಯಾ ನೋಡಿ. ಕೆಲಸ ಕೊಡಿಸುವುದಕ್ಕೆ ಅಂತ ಕೆಲಸಗಾರರಿಂದ ಹಣ ಕೇಳುವುದು ಸರಿಯಲ್ಲ, ಕಾರ್ಮಿಕ ಸಂಸ್ಥೆಯ ನಿಯಮಗಳೂ ಅದನ್ನೇ ಹೇಳುತ್ತವೆ. ಟೂರಿಸ್ಟ್ ವೀಸಾದಲ್ಲಿ ಬಾ, ಆಮೇಲೆ ಮಾಡಿಸೋಣ ಅಂದವರ ಫೋನ್ ಕಟ್ ಮಾಡಿ. ಪಾಸ್‌ಪೋರ್ಟನ್ನು ಮಾಲೀಕನ ಬೀರುವಿನಲ್ಲಿ ಇಡಲು ಕೊಡಬೇಡಿ, ಯಾವ ಕಾರಣಕ್ಕೂ. ಕೈಯಲ್ಲಿ ಮೂರು ತಿಂಗಳ ಖರ್ಚಿನ ಹಣ ಇಟ್ಟುಕೊಳ್ಳಿ, ನಮ್ಮಲ್ಲಿ ಅದಿರಲಿಲ್ಲ.

ನನಗೆ 52ನೇ ದಿನ ಹೊಸ ನಂಬರ್ ಬಂತು. ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಗೆಳೆಯನಿಗೆ ಬರಲಿಲ್ಲ. ನನಗಿಂತ ಒಳ್ಳೆಯ ಕೆಲಸಗಾರ ಅವನು, ಅದನ್ನು ಆಣೆ ಮಾಡಿ ಹೇಳುತ್ತೇನೆ. 58ನೇ ದಿನ ಏರ್‌ಪೋರ್ಟಿಗೆ ಬಿಡಲು ಹೋಗಿದ್ದೆ. ಅವನ ಮಗಳು ಬ್ಯಾಗಿನಿಂದ ಶಾಲೆಯ ಲೈಬ್ರರಿ ಪುಸ್ತಕ ತೆಗೆದು, “ಅಂಕಲ್, ಸೋಮವಾರ ವಾಪಸ್ ಕೊಡಬೇಕಿತ್ತು, ನೀವು ಕೊಡ್ತೀರಾ?” ಅಂದಳು. ಸೋಮವಾರ ಶಾಲೆಗೆ ಹೋಗಿ ಕೊಟ್ಟು ಬಂದೆ.